ಓಟು ಹಾಕದವನು ಹಗ್ಗ ಹಾಕಿದ

ನವೆಂಬರ್ ೬, ೧೯೧೨, ಬುಧವಾರ

ಸಿಟ್ಟು ಇನ್ನೂ ಇಳಿದಿಲ್ಲ. ಹನ್ನೆರಡು ವರ್ಷ ಅಯೋವಾ ರಾಜ್ಯದ ಶಾಸನಸಭೆಯಲ್ಲಿದ್ದ ನನ್ನ ಗಂಡ ನಿನ್ನೆಯ ಚುನಾವಣೆಯಲ್ಲಿ ಸೋತರು. ಮಾಡಿದ ತಪ್ಪು ಒಂದೇ: ಈ ಕೆಸರು ದಾರಿಗಳಿಗೆ ಜಲ್ಲಿ ಹಾಕಿಸಲು ತೆರಿಗೆ ಬೇಕೆಂದರು.

ಫಲಿತಾಂಶ ಕೇಳಿಕೊಂಡು ಪೇಟೆಯಿಂದ ಬರುವಾಗ ನಮ್ಮ ಗಾಡಿ ಅದೇ ಕೆಸರಿನಲ್ಲಿ ಅಚ್ಚಿನವರೆಗೂ ಹೂತುಹೋಯಿತು. ಪಕ್ಕದ ಹೊಲದ ಬ್ರಾಂಡ್‌ವೋಲ್ಡ್ ತನ್ನ ಕುದುರೆಗಳನ್ನು ಹೊಡೆದುಕೊಂಡು ಬಂದ. ತೆರಿಗೆ ಬೇಡವೆಂದು ಊರೆಲ್ಲ ಕೂಗಾಡಿದವನು ಅವನೇ.

"ಓಟು ಹಾಕ್ಲಿಲ್ಲ ಕಣಣ್ಣ, ಸುಳ್ಳು ಹೇಳಲ್ಲ. ಹಗ್ಗ ಹಾಕ್ತೀನಿ, ಹಿಡ್ಕೋ."

ಗಾಡಿ ಮೇಲೆ ಬಂತು. ಅವನು ಹಣೆ ಒರೆಸಿಕೊಂಡು, "ಥೂ, ಈ ರಸ್ತೆಗೆ ಸರ್ಕಾರದೋರು ಏನಾದ್ರೂ ಮಾಡ್ಬಾರ್ದಾ?" ಅಂದ! ನಾನು ಬಾಯಿ ತೆರೆದೆ. ಇವರು ನನ್ನ ಕೈ ಅದುಮಿದರು. ಟೋಪಿ ತೆಗೆದು ಅವನಿಗೆ ವಂದಿಸಿದರು ಬೇರೆ.

ಊಟವಾದ ಮೇಲೆ ಒಲೆ ಮುಂದೆ ಕೂತು ಬೂಟಿನ ಕೆಸರು ಕೆರೆಯುತ್ತಿದ್ದರು. ಸಮಾಧಾನ ಹೇಳೋಣವೆಂದು ಹತ್ತಿರ ಹೋದರೆ, "ಹೆಸ್ಟರ್, ಅವನಿಗೂ ರಸ್ತೆ ಬೇಕಂತೆ, ಕೇಳಿಸ್ಕೊಂಡ್ಯಾ? ಮುಂದಿನ್ ಸಲ ಮೊದ್ಲು ಅವನ ಮನೆಗೇ ಹೋಗ್ಬೇಕು," ಅಂದರು.

ಮುಂದಿನ ಸಲವಂತೆ! ಈ ಮನುಷ್ಯನ ಮೇಲೆ ಸಿಟ್ಟು ಮಾಡಿಕೊಳ್ಳುವುದಾದರೂ ಹೇಗೆ. ಇನ್ನೊಂದು ಬೂಟು ನಾನೇ ಎತ್ತಿಕೊಂಡೆ.