ನೀನು ಎಸೆಯದ ಫೈನಲ್

ಹಯಾಸಾಕ,

ನಿನ್ನೆ ನೀನು ನೂರನೇ ಪಂದ್ಯ ಗೆದ್ದೆ. ನಾನು ಪತ್ರಕರ್ತರ ಸಾಲಿನಲ್ಲಿದ್ದೆ. ಹನ್ನೆರಡು ವರ್ಷದ ಮೇಲೆ ಬರೆಯುತ್ತಿದ್ದೇನೆ, ಕ್ಷಮೆ ಕೇಳುವುದಕ್ಕಲ್ಲ.

ನೊಶಿರೊದ ಶಾಲೆಯ ಬೇಸ್‌ಬಾಲ್ ತಂಡದಲ್ಲಿ ನೀನು ಚೆಂಡೆಸೆಯುವವನು, ನಾನು ಬ್ಯಾಟುಗಾರನ ಹಿಂದೆ ಕೂತು ಹಿಡಿಯುವವನು. ನಿನ್ನ ಎಸೆತ ತಡೆದು ತಡೆದು ನನ್ನ ಎಡ ಹೆಬ್ಬೆರಳು ಇವತ್ತಿಗೂ ಸೊಟ್ಟ. ಮೊದಲ ವರ್ಷ ಇಬ್ಬರೂ ಹಿರಿಯರ ಬೂಟು ಒರೆಸಿದೆವು. ಮೂರನೇ ವರ್ಷ ವೃತ್ತಿ ತಂಡಗಳವರು ನಿನ್ನ ವೇಗ ಅಳೆಯುವ ಯಂತ್ರ ಹಿಡಿದು ಬಂದರು. ಅದು ನಮ್ಮ ಕೊನೆಯ ಬೇಸಿಗೆ. ಪ್ರಾಂತ್ಯದ ಫೈನಲ್ ಗೆದ್ದರೆ ಕೊಶಿಯೆನ್‌ನ ರಾಷ್ಟ್ರೀಯ ಪಂದ್ಯಾವಳಿ; ಸೋತರೆ ಅಲ್ಲಿಗೇ ಮುಗಿಯಿತು.

ಫೈನಲ್ ಮುಟ್ಟುವಷ್ಟರಲ್ಲಿ ನೀನು ನಾಲ್ಕು ಪಂದ್ಯಗಳಲ್ಲಿ ಐನೂರ ಹನ್ನೆರಡು ಎಸೆತ ಎಸೆದಿದ್ದೆ. ಫೈನಲ್ ದಿನ ಬೆಳಿಗ್ಗೆ ಅನ್ನದ ಉಂಡೆಯನ್ನು, ಎಸೆಯುವ ಬಲಗೈ ಬಿಟ್ಟು, ಎಡಗೈಯಲ್ಲಿ ತಿಂದೆ. ಯಾಕೆಂದು ನಾನು ಕೇಳಿದರೆ, "ಬಾಯಿ ಮುಚ್ಕೊಂಡು ತಿನ್ನೋ ನುಮಾಟ, ಇವತ್ತೊಂದಿನ ತಾನೆ" ಎಂದೆ. ನೋವು ಹೇಳಿಕೊಳ್ಳುವುದು ನಮ್ಮಲ್ಲಿ ಹೇಡಿತನ. ಜೊತೆಗಾರನ ನೋವು ಹೊರಗೆ ಹೇಳುವುದು ಇನ್ನೂ ಕೀಳು. ಆದರೂ ನಾನು ನೇರ ಕೋಚ್ ಬಳಿ ಹೋಗಿ ಹೇಳಿದೆ. ಅವರು ನಿನ್ನನ್ನು ಬೆಂಚಿನಲ್ಲಿ ಕೂರಿಸಿದರು. ಹುಡುಗರು ನನ್ನನ್ನು ಹೊಟ್ಟೆಕಿಚ್ಚಿನವನೆಂದರು. ಅವರದು ಒಂಬತ್ತು ರನ್, ನಮ್ಮದು ಒಂದು; ಸೋತೆವು.

ಸೋತ ನಾಯಕ ತನ್ನ ತಂಡದ ಗೆಲುವಿಗೆ ಹಾರೈಸಿ ಮಡಿಸಿದ ಸಾವಿರ ಕಾಗದದ ಕೊಕ್ಕರೆಗಳ ಗೊಂಚಲನ್ನು ಗೆದ್ದವರಿಗೆ ಒಪ್ಪಿಸಬೇಕು, ಎರಡೂ ಕೈಯಲ್ಲಿ. ನಮ್ಮ ನಾಯಕನಾಗಿದ್ದ ನೀನು ಎಡಗೈ ಒಂದನ್ನೇ ಚಾಚಿದೆ. ಎದುರಿನವರ ಮುಖ ಬಿಗಿಯಿತು. ಆಗ ಬಲಗೈಯನ್ನೂ ಎತ್ತಲು ಹೋದೆ; ಅದು ಸೊಂಟದಿಂದ ಮೇಲೆ ಬರಲಿಲ್ಲ. ಅವರ ನಾಯಕ ಬಾಗಿ ತಾನೇ ಗೊಂಚಲು ತೆಗೆದುಕೊಂಡ. ನಮ್ಮ ಹುಡುಗರೆಲ್ಲ ನೋಡಿದರು.

ಬಸ್ಸಿನಲ್ಲಿ ನೀನು "ಚಾಡಿಕೋರ. ನನ್ನ ಬೇಸಿಗೇನ ಕದ್ದುಬಿಟ್ಟೆ" ಎಂದೆ. ನನ್ನೊಡನೆ ಆಡಿದ ಕೊನೆಯ ಮಾತು ಅದು. ಆಮೇಲೆ ಒಂದು ವರ್ಷ ಚಿಕಿತ್ಸೆ, ವಿಶ್ವವಿದ್ಯಾಲಯದ ತಂಡ, ವೃತ್ತಿ ತಂಡಗಳ ಆಯ್ಕೆಯಲ್ಲಿ ಮೊದಲ ಸುತ್ತಿನಲ್ಲೇ ನಿನ್ನ ಹೆಸರು. ಎಲ್ಲವನ್ನೂ ನಮ್ಮ ಪತ್ರಿಕೆಗೆ ನಾನೇ ಬರೆದೆ, ನಿನ್ನನ್ನು ಒಂದು ಪ್ರಶ್ನೆಯೂ ಕೇಳದೆ.

ನಿನ್ನೆ ಗೆದ್ದವನ ಕೈಗೆ ಮೈಕು ಕೊಟ್ಟಾಗ ನೀನು ಮೂವತ್ತು ಸಾವಿರ ಜನರೆದುರು ಹೇಳಿದೆ: "ಸ್ಕೂಲಲ್ಲಿ ಒಬ್ಬ ನನ್ನ ಮೇಲೆ ಚಾಡಿ ಹೇಳಿದ್ದ. ಅಗೋ, ಅಲ್ಲಿ ಕೂತು ಬರ್ಕೋತಿದಾನೆ. ಕೋಪ ಇನ್ನೂ ಹೋಗಿಲ್ಲ. ಆದ್ರೆ ಕೈ ಇದೆ."

ಜನ ನಕ್ಕರು. ನಾನು ಒಂಬತ್ತು ಇನಿಂಗ್ಸ್, ನೂರ ಹದಿನೆಂಟು ಎಸೆತ, ಬಿಟ್ಟುಕೊಟ್ಟದ್ದು ಒಂದು ರನ್ ಎಂದಷ್ಟೇ ವರದಿ ಕಳಿಸಿದೆ. ನಿನ್ನ ಆ ಮಾತನ್ನು ಪತ್ರಿಕೆಗೆ ಕೊಡಲಿಲ್ಲ, ಅದು ನನ್ನದು. ಕೋಪ ಬೇಕಾದಷ್ಟು ದಿನ ಇಟ್ಟುಕೋ. ಆ ಬೆಳಿಗ್ಗೆ ಮತ್ತೆ ಬಂದರೆ ನಾನು ಮತ್ತೆ ಕೋಚ್‌ಗೆ ಹೇಳುತ್ತೇನೆ.

ಇನ್ನೂ ಹತ್ತು ಬೇಸಿಗೆ ಎಸೆಯುವ ಶಕ್ತಿ ನಿನ್ನ ತೋಳಿಗಿರಲಿ.

ನುಮಾಟ