ಬೇಲಿಯ ಮೇಲೆ ಮೂರು ಸದ್ದು

ಅತ್ತೆಯವರಿಗೆ ನಿಮ್ಮ ಸೊಸೆ ಅಂಜುತ್ತಲೇ ಮಾಡುವ ನಮಸ್ಕಾರ.

ಹೋದ ಚಳಿಗಾಲ ನೀವು ಫ್ರೀಮಾಂಟಿನ ನಮ್ಮ ಮನೆಗೆ ಬಂದ ವಾರವೇ ನಿಮ್ಮ ಮಗ ಹಿತ್ತಿಲಲ್ಲಿ ಹಕ್ಕಿಗಳಿಗೆಂದು ಒಂದು ಮರದ ತಟ್ಟೆ ತೂಗುಹಾಕಿದರು. ದಿನಾ ಊಟಕ್ಕೆ ಕೂರುವ ಮುಂಚೆ ನೀವು ಅದರಲ್ಲಿ ಒಂದು ಹಿಡಿ ಅನ್ನವಿಟ್ಟು, ಸ್ಟೀಲ್ ಲೋಟದಿಂದ ಬೇಲಿಗೆ ಮೂರು ಸಲ ಬಡಿಯುತ್ತಿದ್ದಿರಿ. ಅಲಾಸ್ಕಾದ ಹಿಮ ತಪ್ಪಿಸಿಕೊಂಡು ಬಂದ ಗುಬ್ಬಿಗಳು ಇಳಿಯುತ್ತಿದ್ದವು, ತಲೆಯ ಮೇಲೆ ವಿಭೂತಿ ಎಳೆದಂತೆ ಬಿಳಿ ಪಟ್ಟೆ. ಒಂದು ಕಾಲು ಮಡಚಿಕೊಂಡೇ ಇರುತ್ತಿದ್ದ ಗುಬ್ಬಿಗೆ ಕುಂಟಮ್ಮ ಎಂದು ಹೆಸರಿಟ್ಟಿದ್ದಿರಿ.

ತಟ್ಟೆಯಿಂದ ಉದುರಿದ ಅನ್ನಕ್ಕೆ ಇಲಿ ಬಂದದ್ದು ನೆನಪಿದೆಯಾ? ಪಕ್ಕದ ಮನೆಯವರು ದೂರಿದ ದಿನ ನಾನು ಆಫೀಸಿನಿಂದ ಬಂದವಳೇ ತಟ್ಟೆ ಕಿತ್ತು ಗರಾಜಿಗೆ ಎಸೆದೆ. "ಇದೇನು ನಿಮ್ಮ ಹಾಸನ ಅಂದ್ಕೊಂಡ್ರಾ?" ಎಂದೆ. "ಈ ಚಳೀಲಿ ಅವು ಎಲ್ಲಿಗ್ ಹೋಗ್ಬೇಕಮ್ಮ?" ಎಂದಿರಿ, ಅಷ್ಟೇ. ಇವರು ವಿಚಾರಿಸಿದಾಗ, ಅತ್ತೆಯೇ ಬೇಡವೆಂದರು ಎಂದುಬಿಟ್ಟೆ. ಎದುರಿಗೇ ಕೂತಿದ್ದ ನೀವು ಅಲ್ಲ ಎನ್ನಲಿಲ್ಲ. ಊರಿಗೆ ಮರಳಿದ ಹದಿನೈದು ದಿನಕ್ಕೆ ನೀವು ಇನ್ನಿಲ್ಲವೆಂದು ಟೆಲಿಗ್ರಾಂ ಬಂತು. ಆಮೇಲೆ ನಾನು ಯಾರ ಹತ್ತಿರ...

ಮೊನ್ನೆ ನಿಮ್ಮ ವರ್ಷದ ತಿಥಿ. ಬೇಲಿಯ ಬುಡದಲ್ಲಿ ಎಡೆಯಿಟ್ಟು, ಗಾಜಿನ ಬಾಗಿಲು ಹಾಕಿಕೊಂಡು ಒಳಗೆ ಕಾದೆವು. ನಮ್ಮ ಬೀದಿಯಲ್ಲಿ ಕಾಗೆ ಅಪರೂಪ, ಆದರೂ ಒಂದು ಬಂತು. ತಂತಿಯ ಮೇಲೆ ಕೂತು ನಮ್ಮನ್ನೇ ನೋಡುತ್ತಿತ್ತು, ಇಳಿಯಲಿಲ್ಲ. ಕಾಗೆ ಮುಟ್ಟದಿದ್ದರೆ ಹೋದವರ ಮನಸ್ಸಿನಲ್ಲಿ ಏನೋ ಉಳಿದಿದೆ ಎಂದು ನೀವೇ ಹೇಳುತ್ತಿದ್ದಿರಲ್ಲವೇ? ಇವರು ಕೈಮುಗಿದು, "ಅಮ್ಮ, ತಂಗಿ ಮದ್ವೆ ನಾನ್ ಮಾಡ್ತೀನಿ," ಎಂದರು. ಅದು ಅಲ್ಲಾಡಲಿಲ್ಲ. "ಅಪ್ಪನ್ನ ಕಾಶಿಗೆ ಕರ್ಕೊಂಡ್ ಹೋಗ್ತೀನಿ." ಇಲ್ಲ. ಮೂರು ಗಂಟೆಯಾಯಿತು. ನಿಮ್ಮ ಮೊಮ್ಮಗಳು ಸುಮಾ, "ಕ್ಯಾನ್ ವಿ ಈಟ್ ನೌ?" ಎಂದು ಅಳುಮೋರೆ ಮಾಡಿದಳು. ಏನು ಉಳಿದಿದೆ ಎಂದು ನನಗೆ ಗೊತ್ತಿತ್ತು ಅತ್ತೆ.

ಆಗ ಗಾಜಿಗೆ ಟಕ್, ಟಕ್, ಟಕ್ ಎಂದು ಸದ್ದಾಯಿತು. ಬಗ್ಗಿ ನೋಡಿದೆ. ಹೊಸಿಲಾಚೆ ಒಂದು ಕಾಲು ಮಡಚಿಕೊಂಡು ಕುಂಟಮ್ಮ ನಿಂತಿತ್ತು, ಕತ್ತೆತ್ತಿ, ನನ್ನ ಕಡೆಗೇ. "ತಟ್ಟೆ ಕಿತ್ತಿದ್ದು ನಾನು ಕಣ್ರೀ. ಅತ್ತೆ ಮೇಲೆ ಹಾಕ್ದೆ," ಎಂದೆ. ಇವರು ತಲೆ ತಗ್ಗಿಸಿ, "ಏರ್‌ಪೋರ್ಟಲ್ಲಿ ಮತ್ತೆ ಕೇಳ್ದೆ. ಆಗ್ಲೂ ನಿನ್ನ ಹೆಸರು ಹೇಳ್ಲಿಲ್ಲ, ನಾನೇ ಬೇಡ ಅಂದೆ ಅಂದ್ಲು ಅಮ್ಮ," ಎಂದರು. ನಾವು ತಲೆಯೆತ್ತುವಷ್ಟರಲ್ಲಿ ಕಾಗೆ ಇಳಿದು ಎಡೆ ಮುಟ್ಟಿತ್ತು.

ಅವತ್ತೇ ಸಂಜೆ ತಟ್ಟೆಯನ್ನು ಮತ್ತೆ ತೂಗುಹಾಕಿದೆವು. ಉದುರಿದ ಅಗುಳನ್ನು ನಾನೇ ಗುಡಿಸುತ್ತೇನೆ, ಇಲಿಯ ಚಿಂತೆ ನಿಮಗೆ ಬೇಡ. ಆಫೀಸಿಗೆ ಹೊರಡುವ ಮುಂಚೆ ಅನ್ನವಿಟ್ಟು ಲೋಟ ಬಡಿಯುತ್ತಿದ್ದೇನೆ. ಆದರೆ ಇವತ್ತು ಬೆಳಗ್ಗೆ ಅನ್ನವಿಟ್ಟು, ಬಡಿಯುವ ಲೋಟಕ್ಕೆಂದು ಒಳಗೆ ಬಂದು ಸಿಂಕಿನ ಮುಂದೆ ನಿಂತಿದ್ದಾಗಲೇ ಬೇಲಿಯ ಕಡೆಯಿಂದ ಮೂರು ಸದ್ದು ಕೇಳಿಸಿತು. ಹೊರಗೆ ಯಾರೂ ಇರಲಿಲ್ಲ. ಗುಬ್ಬಿಗಳೆಲ್ಲ ಆಗಲೇ ತಟ್ಟೆಗೆ ಇಳಿದಿದ್ದವು. ಲೋಟ ನನ್ನ ಕೈಯಲ್ಲಿಯೇ ಇತ್ತು.

ನಾಳೆಯಿಂದ ನಾನು ಬಡಿಯುವುದಿಲ್ಲ ಅತ್ತೆ. ಅನ್ನವಿಟ್ಟು ಕಾಯುತ್ತೇನೆ.