ಅಪ್ಪನ ಕದ್ದಿಶ್‌ಗೆ ಹತ್ತನೆಯವನು

೧೧ ಮಾರ್ಚ್ ೧೯೮೭, ಬುಧವಾರ. ಸೊಸುವಾ.

ಅಪ್ಪನನ್ನು ಮಣ್ಣು ಮಾಡಿ ಬಂದೆವು. ಕಾಲು ಸೋತುಹೋಗಿವೆ, ಆದರೂ ನಿದ್ದೆ ಹತ್ತುತ್ತಿಲ್ಲ.

ಸತ್ತವರಿಗೆ ಕದ್ದಿಶ್ ಪ್ರಾರ್ಥನೆ ಹೇಳಬೇಕಾದರೆ ಹತ್ತು ಯಹೂದಿ ಗಂಡಸರು ಸೇರಬೇಕು. ಹಿಟ್ಲರನಿಂದ ತಪ್ಪಿಸಿಕೊಂಡು ಅಪ್ಪನ ಜೊತೆ ಹಡಗಿನಲ್ಲಿ ಈ ದ್ವೀಪಕ್ಕೆ ಬಂದು ದನ ಕಟ್ಟಿದವರಲ್ಲಿ ಹೆಚ್ಚಿನವರು ನ್ಯೂಯಾರ್ಕಿಗೆ ಹೋದರು, ಉಳಿದವರು ಒಬ್ಬೊಬ್ಬರಾಗಿ ಸತ್ತರು. ಅವರ ಮಕ್ಕಳು ಮೊಮ್ಮಕ್ಕಳನ್ನು ಹುಡುಕುತ್ತ ಬೆಳಗಿನಿಂದ ಮನೆಮನೆ ಅಲೆದೆ. ಬರುವವನ ತಂದೆ ಯಹೂದಿಯಾದರೆ ಸಾಕು, ತಾಯಿ ಈ ಊರಿನ ಕ್ರೈಸ್ತಳಾದರೂ ನಡೆಯುತ್ತದೆ ಎಂದು ಪ್ರಾರ್ಥನೆ ನಡೆಸುವ ಕುರ್ಟ್ ಮಾಮ ಹೇಳಿದ್ದರು. ಆದರೂ ಲೆಕ್ಕ ಒಂಬತ್ತಕ್ಕೆ ನಿಂತಿತು.

ಕೊನೆಗೆ ಫೆರ್ಮಿನ್‌ನ ಮೋಟಾರ್ ಸೈಕಲ್ ರಿಪೇರಿ ಅಂಗಡಿಗೆ ಹೋದೆ. ಅವನು, ನನ್ನ ಅಮ್ಮನನ್ನು ಮದುವೆಯಾಗುವ ಮುಂಚೆ ಅಪ್ಪನಿಗೆ ಈ ಊರಿನ ಇನ್ನೊಬ್ಬಳಲ್ಲಿ ಹುಟ್ಟಿದವನು ಎಂಬುದು ಊರಿಗೆಲ್ಲ ಗೊತ್ತು. ಅಪ್ಪ ಮಾತ್ರ ಒಂದು ದಿನವೂ ಒಪ್ಪಲಿಲ್ಲ.

“ಅವರು ಬದುಕಿದ್ದಾಗ ಬೇಡವಾಗಿದ್ದೆ. ಈಗ ಲೆಕ್ಕಕ್ಕೆ ಬಂದೆನಾ, ದೋನ್ಯಾ ಮಾರ್ಗೊಟ್?” ಎಂದ, ತಲೆಯೆತ್ತದೆ. ತಂಗಿಯಾದ ನನ್ನನ್ನು ಗಿರಾಕಿ ಅಮ್ಮಾವ್ರನ್ನು ಕರೆದಂತೆ ‘ದೋನ್ಯಾ’ ಎಂದು ಕರೆದ.

“ಲೆಕ್ಕ ತುಂಬೋಕೇ ಕರೀತಿದ್ದೀನಿ, ಸುಳ್ಳು ಹೇಳಲ್ಲ. ಬರ್ತೀಯೋ ಇಲ್ವೋ?”

ಅವನು ಕೈಯ ಗ್ರೀಸ್ ಒರೆಸಿಕೊಂಡು ಅಂಗಡಿ ಮುಚ್ಚಿದ.

ಗೋರಿಯ ಬಳಿ ಕುರ್ಟ್ ಮಾಮ, “ಇದನ್ನ ಮಗ ಹೇಳ್ಬೇಕು. ಮಗ ಇಲ್ಲವಲ್ಲ, ನಾನೇ ಹೇಳ್ತೀನಿ,” ಎಂದರು. ನಾನು ಫೆರ್ಮಿನ್‌ನ ತೋಳು ಹಿಡಿದು ಮುಂದೆ ತಂದೆ. “ಇದ್ದಾನೆ ಮಾಮ,” ಎಂದೆ. ಕುರ್ಟ್ ಮಾಮ ಅವನಿಗೆ ಜಾಗ ಬಿಟ್ಟು ಪಕ್ಕಕ್ಕೆ ಸರಿದರು. ಅರ್ಥವಾಗದ ಒಂದೊಂದು ಮಾತನ್ನೂ ಅವನು ಕುರ್ಟ್ ಮಾಮನ ಹಿಂದೆ ತಡವರಿಸುತ್ತ ಹೇಳಿ ಮುಗಿಸಿದ.

ಊಟಕ್ಕೆ ಮನೆಗೆ ಕರೆದೆ. “ಆಗಲ್ಲ. ಅಮ್ಮ ಒಬ್ಬಳೇ ಇದ್ದಾಳೆ. ಸುದ್ದಿ ಕೇಳಿದಾಗಿಂದ ಅಳ್ತಾನೇ ಇದ್ದಾಳೆ,” ಎಂದು ಹೊರಟುಹೋದ.

ನಮ್ಮ ಮನೆಯಲ್ಲಿ ಸಂಜೆ ಬಂದವರಿಗೆ ಕುರ್ಚಿ ಸಾಲಲಿಲ್ಲ. ಫೆರ್ಮಿನ್‌ನ ಅಮ್ಮನ ಪಕ್ಕದಲ್ಲಿ ಹೋಗಿ ಕೂತವರು ಯಾರೂ ಇಲ್ಲ. ನಾಳೆ ನಾನು ಹೋಗಬೇಕು. ಹೋಗಿ ಏನಂತ ಮಾತಾಡಿಸಲಿ?